ಕೊನೆಯ ಬೆಂಚಿನ ನಿದ್ದೆ

ಕೋಲಿನ ತುದಿ ಅವಳ ಭುಜಕ್ಕೆ ಮೆಲ್ಲಗೆ ತಾಗಿತು.

ಸುಭಾಷ್ನಿ ಕಣ್ಣು ತೆರೆದಳು. ಎದುರಿಗೆ ಬೂದು ಬಣ್ಣದ ಸುಲು, ಮೊಣಕಾಲಿನ ಕೆಳಗಿನವರೆಗಿನ ಪಂಚೆ, ಉಟ್ಟು, ಬಿಳಿ ಅಂಗಿಗೆ ಕಪ್ಪು ಟೈ ಕಟ್ಟಿದ್ದ ಎತ್ತರದ ಗಂಡಸೊಬ್ಬ ನಿಂತಿದ್ದ. ಕೈಯಲ್ಲಿ ಉದ್ದನೆಯ ಬಿದಿರುಕೋಲು.

ಎಲ್ಲಿದ್ದೇನೆ ನಾನು...

ತಗಡಿನ ಮಾಡು, ಸಾಲು ಬೆಂಚುಗಳು, ಎದುರಿನ ಗೋಡೆಯ ಮೇಲೆ ಮರದ ಶಿಲುಬೆ. ಮಡಿಲಲ್ಲಿ ಸೂಜಿ ಮತ್ತು ನೇರಳೆ ದಾರದ ಉಂಡೆ. ಆಗ ನೆನಪಾಯಿತು. ಇವತ್ತು ಭಾನುವಾರ. ಗಾಯಕಿಯರ ಹದಿನಾಲ್ಕು ನೇರಳೆ ಉಡುಪುಗಳನ್ನು ಹೊಲಿದು, ಬೆಳಿಗ್ಗೆ ನದಿ ದಾಟಿ ತಂದುಕೊಟ್ಟಿದ್ದಳು. ಗಾಯಕಿಯರ ಮುಖ್ಯಸ್ಥೆ ಲಿತಿಯಾ, "ಕೂತಿರು, ಯಾರದಾದ್ರೂ ಅಂಚು ಬಿಚ್ಚಿದ್ರೆ ಆಮೇಲೆ ಹಾಕಿಕೊಟ್ಟು ಹೋಗು" ಎಂದಿದ್ದಳು. ಅದಕ್ಕೇ ಕೊನೆಯ ಬೆಂಚಿನಲ್ಲಿ ಕೂತಿದ್ದಳು.

ಈಗ ಇಗರ್ಜಿಯಲ್ಲಿ ಒಬ್ಬರೂ ಇರಲಿಲ್ಲ.

"ಎಲ್ಲರೂ ಹೋದ್ರಾ?"

"ಮಾವಿನ ಮರದ ಕೆಳಗೆ ಚಹಾ ಕುಡೀತಿದ್ದಾರೆ." ಅವನು ಅವಳದೇ ಹಿಂದಿಯಲ್ಲಿ ಮಾತಾಡಿದ. ದ್ವೀಪದ ಲಂಬಾಸಾ ಪೇಟೆಯ ಗಲ್ಲಿಗಳಲ್ಲಿ, ಹಿಂದೆ ಭಾರತದಿಂದ ಕಬ್ಬಿನ ಕೂಲಿಗೆ ಬಂದವರ ಮೊಮ್ಮಕ್ಕಳ ಜೊತೆ ಆಡಿ ಬೆಳೆದವರ ಹಿಂದಿ.

"ನಾನು... ಎಷ್ಟು ಹೊತ್ತಿಂದ..."

"ಎರಡು ಗಂಟೆ. ಮೊದಲನೇ ಹಾಡಿಗೇ ಮಲಗಿಬಿಟ್ರಿ."

ಸುಭಾಷ್ನಿ ಅವನ ಕೋಲನ್ನು ನೋಡಿದಳು. ಪೂಜೆಯ ಹೊತ್ತಿನಲ್ಲಿ ಗಲಾಟೆ ಮಾಡುವ ಮಕ್ಕಳನ್ನೂ ತೂಕಡಿಸುವ ಮುದುಕರನ್ನೂ ಆ ಕೋಲಿನಿಂದ ತಟ್ಟುತ್ತಾರೆಂದು ಅವಳಿಗೆ ಗೊತ್ತಿತ್ತು.

"ಎಬ್ಬಿಸೋದೇ ನಿಮ್ಮ ಕೆಲಸ ಅಲ್ವಾ? ಯಾಕೆ ಎಬ್ಬಿಸಲಿಲ್ಲ?"

"ಎರಡು ಸಲ ಬಂದೆ, ಎಬ್ಬಿಸೋಣ ಅಂತಾನೇ." ಅವನು ಕೋಲನ್ನು ಬೆಂಚಿಗೆ ಒರಗಿಸಿದ. "ನಿಮ್ಮ ಮುಖ ನೋಡಿ ವಾಪಸ್ ಹೋದೆ."

ಪರಗಂಡಸು, ಪರರ ದೇವಸ್ಥಾನ, ಎರಡು ಗಂಟೆ ಬಾಯಿ ತೆರೆದು ಮಲಗಿದ್ದು... ಅವಳಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಏಳು ತಿಂಗಳಿಂದ ಅವಳಿಗೆ ಏನೂ ಆಗುತ್ತಿರಲಿಲ್ಲ.

ಒಂದೇ ಒಂದು ವಿಷಯ ಗಮನಕ್ಕೆ ಬಂತು. ಕಣ್ಣು ಉರಿಯುತ್ತಿರಲಿಲ್ಲ.

*

ಏಳು ತಿಂಗಳ ಹಿಂದೆ, ಕಬ್ಬು ಕಡಿಯುವ ಕಾಲದ ಒಂದು ಗುರುವಾರ ಬೆಳಿಗ್ಗೆ, ಸುಭಾಷ್ನಿ ಐದೂವರೆಗೆ ಎದ್ದು ಗಂಡನನ್ನು ಎಬ್ಬಿಸಲು ಅವನ ತೋಳು ಹಿಡಿದಿದ್ದಳು.

ತೋಳು ತಣ್ಣಗಿತ್ತು.

ಅವಿನೇಶ್‌ಗೆ ಮೂವತ್ತಾರು ವರ್ಷ. ಕಬ್ಬಿನ ಲಾರಿ ಓಡಿಸುತ್ತಿದ್ದ. ಒಂದು ದಿನ ಜ್ವರವೆಂದು ಮಲಗಿದವನಲ್ಲ. ಹೃದಯ ನಿಂತು ಮೂರು ಗಂಟೆಯಾದರೂ ಆಗಿರಬೇಕು ಎಂದರು ಡಾಕ್ಟರು.

"ಪುಣ್ಯವಂತ, ನಿದ್ದೆಯಲ್ಲೇ ಹೋದ" ಎಂದರು ಬಂದವರೆಲ್ಲ.

ಅವನ ನಿದ್ದೆಯ ಬಗ್ಗೆ ಎಲ್ಲರೂ ಮಾತಾಡಿದರು. ಅವಳ ನಿದ್ದೆಯ ಬಗ್ಗೆ ಯಾರೂ ಕೇಳಲಿಲ್ಲ. ಒಂದು ಗೇಣು ಆಚೆ ಅವನ ಉಸಿರು ನಿಲ್ಲುವಾಗ ಅವಳು ಹಾಯಾಗಿ ಮಲಗಿದ್ದಳು. ಕನಸು ಕೂಡ ಬಿದ್ದಿರಲಿಲ್ಲ. ಅವನು ಕರೆದಿದ್ದನೋ? ಕೈ ಚಾಚಿದ್ದನೋ?

ಹದಿಮೂರು ದಿನದ ಕರ್ಮ ಮುಗಿಯುವವರೆಗೂ ಅವಳು ಅಳಲಿಲ್ಲ. ಹೆಂಗಸರು "ಕಲ್ಲು" ಎಂದು ಪಿಸುಗುಟ್ಟಿದ್ದು ಕೇಳಿಸಿತು. ಅದು ತನ್ನ ಬಗ್ಗೆ ಎಂದು ಗೊತ್ತಾಯಿತು. ಅಷ್ಟೇ. ಆಮೇಲೆ ಹಾಸಿಗೆ ಬಿಟ್ಟು ಹೊಲಿಗೆ ಯಂತ್ರದ ಪಕ್ಕ ನೆಲದ ಮೇಲೆ ಮಲಗತೊಡಗಿದಳು. ಅರ್ಧ ಗಂಟೆ ಕಣ್ಣು ಮುಚ್ಚಿದರೆ ಎದೆ ಧಸಕ್ಕೆಂದು ಎಚ್ಚರವಾಗುತ್ತಿತ್ತು. ಡಾಕ್ಟರ ಗುಳಿಗೆ ತಿಂದರೆ ಬಾಯಿ ಒಣಗುತ್ತಿತ್ತೇ ಹೊರತು ನಿದ್ದೆ ಬರುತ್ತಿರಲಿಲ್ಲ.

ಮನೆಯಲ್ಲಿದ್ದವಳು ಅತ್ತೆ ಸುಖರಾಜಿ ಒಬ್ಬಳೇ. ಅರವತ್ತೆಂಟು ವರ್ಷ, ಬಾಯಿ ಖಾರ. ಇಬ್ಬರೂ ಒಂದೇ ಪಾತ್ರೆಯಲ್ಲಿ ದಾಲ್ ಬೇಯಿಸಿ, ಒಂದೇ ಚಾಪೆಯ ಮೇಲೆ ಕೂತು ಊಟ ಮಾಡುತ್ತಿದ್ದರು. ಗೋಡೆಯ ಮೇಲಿದ್ದ ಅವಿನೇಶನ ಫೋಟೋ ಬಗ್ಗೆ ಮಾತ್ರ ಇಬ್ಬರೂ ಮಾತಾಡುತ್ತಿರಲಿಲ್ಲ.

ಮರು ಭಾನುವಾರ ಸುಭಾಷ್ನಿ ಚಪ್ಪಲಿ ಮೆಟ್ಟಿದಾಗ ಅತ್ತೆ ಕೇಳಿದಳು. "ಎಲ್ಲಿಗೆ?"

"ನದಿಯಾಚೆ ನಾಸೌಲೆವು ಇಗರ್ಜಿಗೆ. ಎರಡು ಗುಂಡಿ ಹಾಕೋದಿದೆ."

"ಭಾನುವಾರಾನೇ ಹಾಕ್ಬೇಕಾ?"

"ಅವರು ಭಾನುವಾರಾನೇ ಉಡ್ತಾರಲ್ಲಮ್ಮ."

ಸುಖರಾಜಿ ಸೊಸೆಯ ಮುಖವನ್ನೇ ನೋಡಿದಳು. ಹೋದ ಭಾನುವಾರ ವಾಪಸ್ ಬಂದಾಗ ಆ ಮುಖದಲ್ಲಿ ಏನೋ ಸ್ವಲ್ಪ ಸಡಿಲವಾಗಿತ್ತು. ಅವಳು ಇನ್ನೇನೂ ಕೇಳಲಿಲ್ಲ.

*

ಕೋಲು ಹಿಡಿದವನ ಹೆಸರು ಎಪರಾಮ. ನಲವತ್ತು ವರ್ಷ. ಕಬ್ಬು ಸಾಗಿಸುವ ಪುಟ್ಟ ರೈಲನ್ನು ಓಡಿಸುತ್ತಿದ್ದ. ಮದುವೆಯಾಗಿರಲಿಲ್ಲ.

ಎರಡನೇ ಭಾನುವಾರ ಸುಭಾಷ್ನಿ ಬಂದಾಗ ಕೊನೆಯ ಬೆಂಚಿನ ಕಿಟಕಿ ಪಕ್ಕದ ಜಾಗ ಖಾಲಿಯಿತ್ತು. ಅಲ್ಲಿ ಒಂದು ಹೆಣೆದ ಬೀಸಣಿಗೆ ಇಟ್ಟಿತ್ತು.

"ಇಲ್ಲಿ ಗಾಳಿ ಬರುತ್ತೆ" ಎಂದ ಎಪರಾಮ, ಬೇರೆಲ್ಲೋ ನೋಡುತ್ತ.

ಹಾಡು ಶುರುವಾಯಿತು. ವಾದ್ಯವಿಲ್ಲ, ಬರೀ ಗಂಟಲು. ಗಂಡಸರ ದನಿ ನೆಲದಿಂದ ಎದ್ದು ಬೆಂಚಿನ ಮರದ ಮೂಲಕ ಬೆನ್ನಿಗೆ ಬಂತು. ಇನ್ನೂರು ಜನ ಎಚ್ಚರವಿದ್ದಾರೆ, ಇನ್ನೂರು ಜನ ಉಸಿರಾಡುತ್ತಿದ್ದಾರೆ... ಇಲ್ಲಿ ಯಾರಿಗಾದರೂ ಏನಾದರೂ ಆದರೆ ಯಾರಾದರೂ ನೋಡಿಯೇ ನೋಡುತ್ತಾರೆ.

ಅವಳ ತಲೆ ಕಿಟಕಿಯ ಚೌಕಟ್ಟಿಗೆ ಒರಗಿತು.

ಹೀಗೆ ಭಾನುವಾರಗಳು ಕಳೆದವು. ಪಾದ್ರಿಗಳ ಉಪದೇಶ ಒಂದನ್ನೂ ಅವಳು ಪೂರ್ತಿ ಕೇಳಲಿಲ್ಲ. ಯಾರ ದೇವರ ಮೇಲೂ ಅವಳಿಗೆ ಭಕ್ತಿಯೂ ಉಳಿದಿರಲಿಲ್ಲ, ಸಿಟ್ಟೂ ಇರಲಿಲ್ಲ. ಅವಳು ಬರುತ್ತಿದ್ದದ್ದು ಮಲಗುವುದಕ್ಕೆ. ಎಪರಾಮ ಕೋಲು ಹಿಡಿದು ಸಾಲುಗಳ ನಡುವೆ ಓಡಾಡುತ್ತಿದ್ದ. ಮಕ್ಕಳನ್ನು ತಟ್ಟುತ್ತಿದ್ದ, ಮುದುಕರನ್ನು ತಟ್ಟುತ್ತಿದ್ದ. ಕೊನೆಯ ಬೆಂಚಿನ ಹತ್ತಿರ ಬಂದಾಗ ಮಾತ್ರ ಹೆಜ್ಜೆ ಸದ್ದಾಗದಂತೆ ನಡೆಯುತ್ತಿದ್ದ.

ಪೂಜೆ ಮುಗಿದ ಮೇಲೆ ನಿಂಬೆ ಎಲೆಯ ಚಹಾ, ಬೆಣ್ಣೆ ಹಚ್ಚಿದ ಬ್ರೆಡ್ಡು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಎಪರಾಮ ಅವಳ ಲೋಟವನ್ನು ತಂದುಕೊಟ್ಟು ಎರಡು ಮಾತಾಡಿ ಹೋಗುತ್ತಿದ್ದ.

"ಇವತ್ತು ಗೊರಕೆ ಹೊಡೆದ್ರಿ."

"ಸುಳ್ಳು."

"ಸಣ್ಣದು. ಮೇಲಿನ ಶ್ರುತಿಯಲ್ಲಿ. ಲಿತಿಯಾ ಯಾರಪ್ಪ ಇದು ಹೊಸ ದನಿ ಅಂತ ತಿರುಗಿ ನೋಡಿದ್ಲು."

ಸುಭಾಷ್ನಿ ನಗಲಿಲ್ಲ. ಆದರೆ ನಗಬೇಕಾದ ಮಾತು ಇದು ಎಂದು ಅವಳಿಗೆ ಹೊಳೆಯಿತು. ಅಷ್ಟಾದರೂ ಹೊಳೆದು ಬಹಳ ದಿನವಾಗಿತ್ತು.

ಏಪ್ರಿಲ್‌ನ ಒಂದು ಭಾನುವಾರ ಅವನೇ ಕೇಳಿದ. "ಮನೇಲಿ ನಿದ್ದೆ ಬರಲ್ವಾ?"

ಯಾರಿಗೂ ಹೇಳದಿದ್ದನ್ನು ಅವನಿಗೆ ಯಾಕೆ ಹೇಳಿದಳೋ ಅವಳಿಗೇ ಗೊತ್ತಿಲ್ಲ. ಕೈಯಲ್ಲಿ ಲೋಟ ಹಿಡಿದುಕೊಂಡು, ಯಾವುದೋ ಅಂಗಿಯ ಅಳತೆ ಹೇಳುವ ದನಿಯಲ್ಲಿ ಹೇಳಿದಳು.

"ನನ್ನ ಗಂಡ ಸಾಯುವಾಗ ನಾನು ಪಕ್ಕದಲ್ಲೇ ನಿದ್ದೆ ಮಾಡ್ತಿದ್ದೆ. ನನಗೆ ಎಚ್ಚರ ಆಗಲಿಲ್ಲ."

ಎಪರಾಮ ಅಯ್ಯೋ ಎನ್ನಲಿಲ್ಲ. ನಿಮ್ಮ ತಪ್ಪಿಲ್ಲ ಎನ್ನಲಿಲ್ಲ. ಮಾವಿನ ಬೇರಿನ ಮೇಲೆ ಕೂತ.

"ನನ್ನ ಅಮ್ಮ ಮೂರು ವರ್ಷ ಹಾಸಿಗೆ ಹಿಡಿದಿದ್ಲು" ಎಂದ. "ಪಕ್ಕದಲ್ಲಿ ಕೂತು ಕೂತು ನನಗೆ ನಿದ್ದೆಯ ಅಭ್ಯಾಸಾನೇ ಹೋಯ್ತು. ಅದಕ್ಕೇ ಈ ಕೋಲು ನನಗೆ ಕೊಟ್ರು, ಇವನಂತೂ ತೂಕಡಿಸಲ್ಲ ಅಂತ. ಮೂರು ವರ್ಷ ಎಚ್ಚರ ಇದ್ದೆ, ಸುಭಾಷ್ನಿ. ಒಂದು ದಿನ ಮಧ್ಯಾಹ್ನ ಅವಳು ನೀರು ಕುಡಿದ ಲೋಟ ತೊಳ್ಯೋಕೆ ನಲ್ಲಿ ಹತ್ರ ಹೋದೆ. ವಾಪಸ್ ಬರೋದ್ರಲ್ಲಿ ಹೋಗಿಬಿಟ್ಟಿದ್ಲು."

ಅವಳು ಅವನ ಮುಖ ನೋಡಿದಳು.

"ಎಚ್ಚರ ಇದ್ದವನಿಗೂ ಆ ಗಳಿಗೆ ಸಿಗಲಿಲ್ಲ" ಎಂದ ಎಪರಾಮ.

ಅವಳ ಕಣ್ಣಲ್ಲಿ ನೀರು ಬರಲಿಲ್ಲ. ಕೈಯಲ್ಲಿದ್ದ ಚಹಾ ಮಾತ್ರ ತಣ್ಣಗಾಗುವವರೆಗೂ ಅವಳು ಅಲ್ಲೇ ನಿಂತಿದ್ದಳು.

*

ಮೇ ತಿಂಗಳ ಕೊನೆಯ ಭಾನುವಾರ, "ಎಮೆನಿ" ಎಂದು ಇನ್ನೂರು ಜನ ಒಟ್ಟಿಗೆ ಆಮೆನ್ ಹೇಳಿದ್ದಕ್ಕೆ ಅವಳಿಗೆ ಎಚ್ಚರವಾಯಿತು.

ಇಡೀ ಇಗರ್ಜಿ ತಿರುಗಿ ಅವಳನ್ನೇ ನೋಡುತ್ತಿತ್ತು.

ಪಾದ್ರಿಗಳು ಕೈ ಚಾಚಿ ನಗುತ್ತಿದ್ದರು. ಅವರ ಮಾತಿನ ಬಾಲ ಅವಳ ಕಿವಿಗೆ ಬಿತ್ತು. "...ಹದಿನೈದು ವಾರ ನಮ್ಮ ನಡುವೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ ಈ ಸಹೋದರಿಗೆ ಮುಂದಿನ ತಿಂಗಳು ದೀಕ್ಷಾಸ್ನಾನ."

ಪ್ರಾರ್ಥನೆ? ಯಾರು?

ಲಿತಿಯಾ ಓಡಿ ಬಂದು ಅವಳನ್ನು ತಬ್ಬಿಕೊಂಡಳು. ದಪ್ಪ ಕೆನ್ನೆಗಳ ಮೇಲೆ ಕಣ್ಣೀರು. "ಸುಬಾ, ನನ್ನ ತಂಗಿ. ಜೂನ್‌ನಲ್ಲಿ ನಮ್ಮ ಜೊತೆ ಇರ್ತೀಯ ಅಲ್ವಾ ಅಂದಾಗ ಹೂಂ ಅಂದ್ಯಲ್ಲ, ಅವತ್ತೇ ಪಾದ್ರಿಗಳಿಗೆ ಹೇಳ್ದೆ."

ಜೂನ್‌ನ ಹಾಡಿನ ಸ್ಪರ್ಧೆಗೆ ಉಡುಪು ಹೊಲಿಯುವುದಕ್ಕೆಂದು ಸುಭಾಷ್ನಿ ಹೂಂ ಎಂದಿದ್ದಳು.

"ಎಪರಾಮ ನಮಗೆ ಎಲ್ಲ ಹೇಳಿದ" ಎಂದಳು ಲಿತಿಯಾ, ಅವಳ ತಲೆ ಸವರುತ್ತ. "ಎಲ್ಲ ಗೊತ್ತು ನಮಗೆ. ಪಾಪ, ಎಷ್ಟು ಭಾರ ಹೊತ್ತಿದ್ದೆ ನೀನು."

ಎಲ್ಲ...

ಸುಭಾಷ್ನಿ ಸಾಲುಗಳ ನಡುವೆ ನಿಂತಿದ್ದ ಎಪರಾಮನನ್ನು ನೋಡಿದಳು. ಅವನ ಮುಖ ಬಿಳಿಚಿಕೊಂಡಿತ್ತು. ಅವನು ಏನೋ ಹೇಳಲು ಹೆಜ್ಜೆ ಮುಂದಿಟ್ಟ.

ಹಾಗಾದರೆ ಹೇಳಿಬಿಟ್ಟಿದ್ದಾನೆ. ಗಂಡ ಸಾಯುವಾಗ ಮಲಗಿದ್ದವಳು ಪಾಪ ತೊಳೆದುಕೊಳ್ಳಲು ಬರುತ್ತಿದ್ದಾಳೆ ಎಂದು ಇವರಿಗೆಲ್ಲ ಹೇಳಿದ್ದಾನೆ. ಗಾಳಿ ಬರುವ ಜಾಗ, ಬೀಸಣಿಗೆ, ಚಹಾ... ಎಲ್ಲವೂ ಇದಕ್ಕೇ ಇರಬೇಕು.

ಅವಳಿಗೆ ಸಿಟ್ಟು ಬರಲಿಲ್ಲ. ಕೈಚೀಲ ತೆಗೆದುಕೊಂಡು ಬಾಗಿಲು ದಾಟಿ ಹೊರಗೆ ನಡೆದಳು. ಹಿಂದಿನಿಂದ ಅವನು ಎರಡು ಸಲ ಹೆಸರು ಹಿಡಿದು ಕರೆದ. ಯಾರದೋ ಹೆಸರಿನ ಹಾಗೆ ಕೇಳಿಸಿತು.

ಸುದ್ದಿ ಅವಳಿಗಿಂತ ಬೇಗ ನದಿ ದಾಟಿತು. ಸೋಮವಾರ ಸಂತೆಯಿಂದ ಬಂದ ಸುಖರಾಜಿ ಬದನೆಕಾಯಿಯ ಬುಟ್ಟಿಯನ್ನು ಅಡಿಗೆಮನೆಯ ನೆಲಕ್ಕೆ ಇಟ್ಟಳು. ಕೂರಲಿಲ್ಲ.

"ನನ್ನ ಮಗನ ವರ್ಷದ ಕಾರ್ಯಕ್ಕೆ ಇನ್ನೂ ಆರು ವಾರ ಇದೆ. ಅಷ್ಟರೊಳಗೆ ದೇವರನ್ನೇ ಬದಲಾಯಿಸಿದ್ಯಾ?"

"ಇಲ್ಲಮ್ಮ."

"ಮತ್ತೆ ಅಲ್ಲಿ ಏನು ಮಾಡ್ತಿದ್ದೆ?"

"ನಿದ್ದೆ."

"ಏನು?"

"ನಿದ್ದೆ ಮಾಡ್ತಿದ್ದೆ."

ಸುಖರಾಜಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. "ನಿದ್ದೆ ಮಾಡೋಕೆ ಯಾರಾದ್ರೂ ನದಿ ದಾಟ್ತಾರೇನೇ? ನನ್ನ ಹತ್ರಾನೂ ಸುಳ್ಳಾ?" ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಅದೇ ಸಂಜೆ ಎಪರಾಮ ಗೇಟಿನ ಹತ್ತಿರ ಬಂದ. "ಬಟ್ಟೆ ಹೊಲಿಸೋದಿದ್ರೆ ಪೇಟೆಗೆ ಹೋಗಪ್ಪ" ಎನ್ನುವ ಅತ್ತೆಯ ದನಿ ಸುಭಾಷ್ನಿಗೆ ಕೇಳಿಸಿತು. ಅವಳು ಯಂತ್ರ ತುಳಿಯುವುದನ್ನು ನಿಲ್ಲಿಸಲಿಲ್ಲ.

*

ಅತ್ತೆ ಸೊಸೆ ಒಂದೇ ಚಾಪೆಯ ಮೇಲೆ ಕೂತು ಮಾತಿಲ್ಲದೆ ಉಂಡರು. ಭಾನುವಾರ ಬಂದರೆ ಸುಭಾಷ್ನಿ ಗೋಡೆಗೆ ಒರಗಿ ಕೂರುತ್ತಿದ್ದಳು. ನದಿಯಾಚೆಯಿಂದ ಪೂಜೆಗೆ ಕರೆಯುವ ಮರದ ನಗಾರಿಯ ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು. ಕಣ್ಣು ಮತ್ತೆ ಉರಿಯತೊಡಗಿತ್ತು. ಒಂದು ದಿನ ಸೂಜಿ ಬೆರಳೊಳಗೆ ಇಳಿದು, ಬಟ್ಟೆ ಕೆಂಪಾದ ಮೇಲೆ ಅವಳಿಗೆ ಗೊತ್ತಾಯಿತು.

ಊರಿನ ಭಜನಾ ಮಂಡಳಿ ಪ್ರತಿ ಮಂಗಳವಾರ ಸಂಜೆ ಒಂದೊಂದು ಮನೆಯಲ್ಲಿ ಪಾರಾಯಣ ಮಾಡುತ್ತಿತ್ತು. ಸುಭಾಷ್ನಿ ಹೋಗುವುದನ್ನು ಬಿಟ್ಟು ವರ್ಷವಾಗುತ್ತ ಬಂದಿತ್ತು. ಮಂಡಳಿಯ ಹಿರಿಯ ಬಿಸುನ್ ಕಾಕಾ ಒಂದು ಬೆಳಿಗ್ಗೆ ಸುಖರಾಜಿಯ ಜಗಲಿಯಲ್ಲಿ ಚಹಾ ಹೀರುತ್ತ ಹೇಳಿದ.

"ಭಾಬಿ, ನಮ್ಮ ಮಂಡಳಿಗೆ ಹೊಸ ಭಕ್ತ ಬಂದಿದ್ದಾನೆ. ನಾಸೌಲೆವುನ ರೈಲಿನವನು."

ಒಳಗೆ ಯಂತ್ರದ ಸದ್ದು ನಿಂತಿತು.

"ಯಾರು, ಆ ಕೋಲಿನವನಾ?" ಎಂದಳು ಸುಖರಾಜಿ.

"ಅವನೇ. ನಾಲ್ಕು ಮಂಗಳವಾರ ಆಯ್ತು. ಕಾಲು ತೊಳ್ಕೊಂಡು ಬರ್ತಾನೆ, ಚಾಪೆಯ ತುದಿಯಲ್ಲಿ ಕೂರ್ತಾನೆ, ಕೊನೇವರೆಗೂ ಒಂದು ಸಲಾನೂ ಅಲ್ಲಾಡಲ್ಲ. ಜನ ತಿರುಗಿ ತಿರುಗಿ ನೋಡ್ತಾರೆ. ನೋಡ್ಲಿ ಬಿಡು ಅಂತ ಕೂತಿರ್ತಾನೆ."

"ಯಾಕಂತೆ?"

"ಕೇಳ್ದೆ. ಏನಪ್ಪಾ, ನಮ್ಮ ಕಡೆ ಬರೋ ಯೋಚನೇನಾ ಅಂತ. ಇಲ್ಲ ಕಾಕಾ, ನಮ್ಮ ದೇವರು ನನಗೆ ಸರಿಯಾಗೇ ಇದ್ದಾನೆ ಅಂದ. ಮತ್ತೆ? ಅಂದೆ. ತನ್ನದಲ್ಲದ ಜಾಗದಲ್ಲಿ ಕೂತವರನ್ನ ಎಲ್ಲರೂ ತಿರುಗಿ ನೋಡಿದ್ರೆ ಹೇಗಿರುತ್ತೆ ಅಂತ ತಿಳ್ಕೋಬೇಕು ಅಂದ." ಬಿಸುನ್ ಕಾಕಾ ಲೋಟ ಕೆಳಗಿಟ್ಟ. "ಹುಡುಗ ಒಳ್ಳೇವನು ಭಾಬಿ. ಎಪರಾಮ. ಹೆಸರಿನ ಬಾಲದಲ್ಲೇ ರಾಮ ಇದ್ದಾನೆ ನೋಡು."

"ಬಾಲದಲ್ಲಿದ್ರೆ ಏನು ಬಂತು, ತಲೇಲಿರಬೇಕು" ಎಂದಳು ಸುಖರಾಜಿ. ಆದರೆ ಆ ಮಾತಿನಲ್ಲಿ ಎಂದಿನ ಖಾರವಿರಲಿಲ್ಲ.

ಜುಲೈ ಮೊದಲ ಮಂಗಳವಾರದ ಪಾರಾಯಣ ಸುಖರಾಜಿಯ ಮನೆಯಲ್ಲೇ ಇತ್ತು.

ಎಪರಾಮ ಬಂದ. ಅಂಗಳದ ನಲ್ಲಿಯಲ್ಲಿ ಕಾಲು ತೊಳೆದ. ಕೈಯಲ್ಲಿ ಕಾಗದ ಸುತ್ತಿದ, ಅವನ ಊರಿನವರು ಕುಟ್ಟಿ ನೀರಲ್ಲಿ ಕಲಸಿ ಕುಡಿಯುವ ಯಂಗೋನಾ ಬೇರಿನ ಕಟ್ಟು. ಅದನ್ನು ಪಕ್ಕದಲ್ಲಿಟ್ಟುಕೊಂಡು ಚಾಪೆಯ ತುದಿಯಲ್ಲಿ ಕೂತ. ಸುಭಾಷ್ನಿ ಅಡಿಗೆಮನೆಯ ಬಾಗಿಲ ಹಿಂದೆ ಪ್ರಸಾದದ ಹಲ್ವ ಕಲಕುತ್ತಿದ್ದಳು. ಅವನ ಬೆನ್ನು ಮಾತ್ರ ಕಾಣುತ್ತಿತ್ತು. ನಿಜಕ್ಕೂ ಅಲ್ಲಾಡಲಿಲ್ಲ.

ಆರತಿ ಮುಗಿಯಿತು. ಜನ ಏಳುವ ಮೊದಲೇ ಎಪರಾಮ ಬೇರಿನ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕಾಲೂರಿ ಸುಖರಾಜಿಯ ಮುಂದೆ ಬಂದು ತಲೆ ತಗ್ಗಿಸಿದ. ತಪ್ಪೊಪ್ಪಿಕೊಳ್ಳಲು ಬಂದವನು ಹೀಗೆ ಬರುತ್ತಾನೆಂದು, ಆ ಬೇರನ್ನು ಮುಟ್ಟಿದರೆ ಕ್ಷಮಿಸಿದಂತೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಅಮ್ಮ, ನಾನು ಒಂದು ಸುಳ್ಳು ಹೇಳಿದೆ. ಅದರಿಂದ ನಿಮ್ಮ ಮನೆಗೆ ಕೆಟ್ಟ ಹೆಸರು ಬಂತು. ಹೋದ ಭಾನುವಾರ ನಮ್ಮ ಇಗರ್ಜಿಯಲ್ಲಿ ಎಲ್ಲರ ಮುಂದೆ ಒಪ್ಕೊಂಡೆ. ಇವತ್ತು ಇಲ್ಲಿ ಒಪ್ಕೊಳ್ತೀನಿ."

"ಏನು ಸುಳ್ಳು?"

"ಕೊನೇ ಬೆಂಚಲ್ಲಿ ಮಲಗಿರೋಳನ್ನ ಯಾಕೆ ತಟ್ಟಲ್ಲ ಅಂತ ಹಿರಿಯರು ಕೇಳಿದ್ರು. ಅವಳು ಮಲಗಿಲ್ಲ, ಕಣ್ಣು ಮುಚ್ಚಿ ಪ್ರಾರ್ಥನೆ ಮಾಡ್ತಾಳೆ, ಅವಳ ಮನಸ್ಸಲ್ಲಿ ಭಾರ ಇದೆ ಅಂದೆ. ಅಷ್ಟೇ ಹೇಳಿದ್ದು. ಅದು ಬೆಳೆದು ದೀಕ್ಷಾಸ್ನಾನದವರೆಗೆ ಹೋಯ್ತು. ಅವಳು ಯಾವತ್ತೂ ನಮ್ಮ ದೇವರನ್ನ ಕೇಳಿಕೊಂಡು ಬಂದಿರಲಿಲ್ಲ."

"ಸುಳ್ಳು ಯಾಕೆ ಹೇಳ್ದೆ?"

"ನಿದ್ದೆ ಅಂದಿದ್ರೆ ಹೊರಗೆ ಕಳಿಸ್ತಿದ್ರು."

"ಪೂಜೇಲಿ ಮಲಗೋಳನ್ನ ಹೊರಗೆ ಕಳಿಸೋದೇ ಸರಿ."

"ಹೌದಮ್ಮ."

ಸುಖರಾಜಿಯ ದನಿ ಸಣ್ಣದಾಯಿತು. "ನಿಜಕ್ಕೂ ಮಲಗ್ತಿದ್ಲಾ?"

"ಹೌದಮ್ಮ. ಎರಡು ಗಂಟೆ. ಕೆಲವು ಸಲ ಎರಡೂವರೆ."

ಸುಖರಾಜಿ ಕೈ ಚಾಚಿದಳು. ಬೇರಿನ ಕಟ್ಟಿನ ಮೇಲೆ ಅದನ್ನು ಇಟ್ಟಳು.

ಅವನು ಅಂಗಳದಲ್ಲಿ ಚಪ್ಪಲಿ ಮೆಟ್ಟುವಾಗ ಸುಭಾಷ್ನಿ ಎಲೆಯಲ್ಲಿ ಹಲ್ವ ಹಿಡಿದು ಬಂದಳು.

"ಲಿತಿಯಾ ಎಲ್ಲ ಗೊತ್ತು ಅಂದ್ಲು" ಎಂದಳು, ಮುಖ ನೋಡದೆ.

"ಭಾರ ಇದೆ ಅಂದಿದ್ದನ್ನೇ ಅವಳು ಎಲ್ಲ ಅಂದ್ಕೊಂಡ್ಲು."

"ನಾನು ಹೇಳಿದ್ದು..."

"ಅದು ನನ್ನ ಹತ್ರಾನೇ ಇದೆ. ಯಾರಿಗೂ ಕೊಟ್ಟಿಲ್ಲ."

ಅವಳು ಎಲೆಯನ್ನು ಅವನ ಕೈಗಿಟ್ಟಳು. ಅವನು ಅಲ್ಲೇ ನಿಂತು ಪೂರ್ತಿ ತಿಂದ. "ಆ ಕೋಲನ್ನ ವಾಪಸ್ ಕೊಟ್ಟೆ" ಎಂದ ಹೊರಡುವಾಗ. "ಸುಳ್ಳು ಹೇಳೋನ ಕೈಲಿ ಅದು ಇರಬಾರದು."

ಮರುದಿನ ಬೆಳಿಗ್ಗೆ ಸುಭಾಷ್ನಿ ಅತ್ತೆಯ ಮುಂದೆ ಬಂದು ಕೂತಳು. ಸುಖರಾಜಿ ಅಕ್ಕಿ ಆರಿಸುತ್ತಿದ್ದಳು.

"ಅಮ್ಮ. ಅವರು ಹೋಗುವಾಗ ನಾನು ನಿದ್ದೆ ಮಾಡ್ತಿದ್ದೆ. ಪಕ್ಕದಲ್ಲೇ ಇದ್ದೆ."

ಅಕ್ಕಿಯ ಮೇಲಿನ ಬೆರಳುಗಳು ನಿಂತವು.

"ನಂಗೊತ್ತು" ಎಂದಳು ಸುಖರಾಜಿ. "ಅವತ್ತು ಬೆಳಿಗ್ಗೆ ನಿನ್ನ ಕೂಗು ಕೇಳಿ ಬಂದಾಗ ನಿನ್ನ ಕೆನ್ನೆ ಮೇಲೆ ದಿಂಬಿನ ಗೆರೆ ಇತ್ತು."

ಸುಭಾಷ್ನಿ ಕಾದಳು. ಒಂದು ವರ್ಷದಿಂದ ಕಾಯುತ್ತಿದ್ದ ಮಾತು ಈಗ ಬರುತ್ತದೆ...

"ನಾನು ಎಲ್ಲಿದ್ದೆ ಅಂತ ಕೇಳು" ಎಂದಳು ಸುಖರಾಜಿ. "ಗೋಡೆಯ ಈಚೆ. ಅವನನ್ನ ಹೆತ್ತೋಳು. ಚಿಕ್ಕೋನಿದ್ದಾಗ ಅವನು ಕೆಮ್ಮಿದ್ರೆ ಸಾಕು, ನನಗೆ ಎಚ್ಚರ ಆಗ್ತಿತ್ತು. ಅವತ್ತು ನಾನೂ ಮಲಗಿದ್ದೆ ಕಣೇ, ಸುಭಾ. ನಾನೂ ಮಲಗಿದ್ದೆ."

ಮುದುಕಿ ಅಳತೊಡಗಿದಳು. ಸುಭಾಷ್ನಿಗೆ ಆಗಲೂ ಅಳು ಬರಲಿಲ್ಲ. ಮೈಯಲ್ಲಿ ಒಂದು ಆಯಾಸ ಮಾತ್ರ ಎದ್ದುಬಂತು. ಅಕ್ಕಿಯ ಮೊರವನ್ನು ಪಕ್ಕಕ್ಕೆ ಸರಿಸಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟಳು. ಕಣ್ಣು ತೆರೆದಾಗ ಬಿಸಿಲು ಅಂಗಳ ದಾಟಿತ್ತು. ಸುಖರಾಜಿ ಕಾಲು ಅಲ್ಲಾಡಿಸದೆ ಹಾಗೇ ಕೂತಿದ್ದಳು.

*

ಅವಿನೇಶನ ವರ್ಷದ ಕಾರ್ಯ ಮುಗಿಯಿತು. ಎಪರಾಮ ಪ್ರತಿ ಮಂಗಳವಾರ ಮಂಡಳಿಗೆ ಬರುವುದನ್ನು ಬಿಡಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಬಿಸುನ್ ಕಾಕಾ ಅವನ ಕೈಗೆ ತಾಳ ಕೊಟ್ಟಿದ್ದ. ಸುಭಾಷ್ನಿ ಅಡಿಗೆಮನೆಯ ಬಾಗಿಲಿನಿಂದ ಚಾಪೆಗೆ ಬಂದು ಕೂರತೊಡಗಿದ್ದಳು.

ಒಂದು ಶನಿವಾರ ಲಿತಿಯಾ ಗೇಟಿನ ಹತ್ತಿರ ಬಂದು ನಿಂತಳು. "ಸುಬಾ, ನಾನು ದಡ್ಡಿ. ಖುಷಿಯಲ್ಲಿ ಕೇಳದೇ ಓಡಿದೆ. ನಾಳೆ ನಮ್ಮ ಮನೇಲಿ ಊಟ, ಬರ್ತೀಯಾ? ಯಾರೂ ನಿನ್ನ ಮೇಲೆ ಒಂದು ಹನಿ ನೀರು ಚಿಮುಕಿಸಲ್ಲ, ಆಣೆ."

"ನಾನೂ ಬರ್ತೀನಿ" ಎಂದಳು ಸುಖರಾಜಿ ಒಳಗಿನಿಂದ. "ಆ ಬೆಂಚು ನೋಡಬೇಕು ನಂಗೆ."

ಹೀಗೆ ಅತ್ತೆ ಸೊಸೆ ಇಬ್ಬರೂ ನಾಸೌಲೆವುನ ಕೊನೆಯ ಬೆಂಚಿನಲ್ಲಿ ಕೂತರು. ಹಾಡು ಎದ್ದಿತು. ಅರ್ಧ ಗಂಟೆಯಲ್ಲಿ ಸುಖರಾಜಿಯ ತಲೆ ಸೊಸೆಯ ಭುಜಕ್ಕೆ ಬಿತ್ತು. ಕೋಲು ಹಿಡಿದಿದ್ದ ಹೊಸಬ ಬಂದು, ಸುಭಾಷ್ನಿಯ ಕಣ್ಣು ನೋಡಿ, ಬಂದ ಹಾಗೇ ಹೋದ.

ಸುಭಾಷ್ನಿ ಮಲಗಲಿಲ್ಲ. ಗಂಡಸರ ಸಾಲಿನಲ್ಲಿ ಎಪರಾಮನ ದನಿ ಯಾವುದೆಂದು ಹುಡುಕುತ್ತಿದ್ದಳು. ಕೊನೆಯ ಹಾಡಿನಲ್ಲಿ ಸಿಕ್ಕಿತು.

ಲಿತಿಯಾಳ ಮನೆಯಲ್ಲಿ ಚಾಪೆ ಹಾಸಿ, ತೆಂಗಿನಹಾಲಿನಲ್ಲಿ ಬೇಯಿಸಿದ ಕೆಸುವಿನ ಎಲೆ, ಮೀನು, ಮರಗೆಣಸು ಬಡಿಸಿದ್ದರು. ಊಟಕ್ಕೆ ಮೊದಲು ಪ್ರಾರ್ಥನೆ, ಊಟದ ಮೇಲೆ ಮಾತು, ಮತ್ತೆ ಪ್ರಾರ್ಥನೆ. ಅಲ್ಲಿನ ಹೆಂಗಸರಂತೆ ಸುಭಾಷ್ನಿ ಎರಡೂ ಕಾಲನ್ನು ಒಂದೇ ಪಕ್ಕಕ್ಕೆ ಮಡಿಸಿ ಎರಡು ಗಂಟೆ ಕೂತಳು. ಕೊನೆಗೆ ಎಲ್ಲರೂ ಎದ್ದು ಅಂಗಳಕ್ಕೆ ಹೋದರು. ಸುಖರಾಜಿ ಲಿತಿಯಾಗೆ ಮೀನಿಗೆ ಹುಣಸೆ ಯಾಕೆ ಹಾಕಬೇಕೆಂದು ಹೇಳಿಕೊಡುತ್ತ ಹೋದಳು.

ಸುಭಾಷ್ನಿ ಮಾತ್ರ ಏಳಲಿಲ್ಲ.

ಎಪರಾಮ ಬಾಗಿಲಿನಿಂದ ವಾಪಸ್ ಬಂದ. "ಏನಾಯ್ತು?"

"ಏನಿಲ್ಲ."

ಅವನು ಸ್ವಲ್ಪ ದೂರದಲ್ಲಿ ಚಾಪೆಯ ಮೇಲೆ ಕೂತ.

"ಒಂದು ಮಾತು ಕೇಳ್ಲಾ? ಇಲ್ಲ ಅಂದ್ರೂ ಮಂಗಳವಾರ ಬರ್ತೀನಿ. ತಾಳ ಈಗ ತಾನೇ ಕೈಗೆ ಹತ್ತಿದೆ."

"ಕೇಳಿ."

"ನಿಮ್ಮ ಅತ್ತೆ ಮುಂದೆ ಮತ್ತೊಂದು ಸಲ ಬೇರು ಹಿಡ್ಕೊಂಡು ಬರೋ ಆಸೆ ಇದೆ. ಈ ಸಲ ತಪ್ಪಿಗಲ್ಲ. ನಿಮ್ಮನ್ನ ಕೇಳೋಕೆ."

ಸುಭಾಷ್ನಿ ನೆಲ ನೋಡಿದಳು. "ನಾನು ದೀಕ್ಷೆ ತಗೊಳ್ಳಲ್ಲ."

"ನಾನು ಕೇಳಿದ್ದು ಅದಲ್ಲ."

"ಅಮ್ಮನನ್ನ ಬಿಟ್ಟು ಬರಲ್ಲ."

"ಅವರನ್ನ ಬಿಟ್ರೆ ಬೈಯೋರು ಯಾರು ನನ್ನನ್ನ?"

"ಎಪರಾಮ..." ಅವಳು ಮೊದಲ ಸಲ ಅವನ ಹೆಸರು ಹೇಳಿದಳು. "ನನಗೆ ಬಹಳ ದಿನಗಳಿಂದ ಏನೂ ಅನ್ನಿಸಲ್ಲ. ಸಂತೋಷಾನೂ ಇಲ್ಲ, ದುಃಖಾನೂ ಇಲ್ಲ. ಇಂಥವಳನ್ನ ಕಟ್ಕೊಂಡು ಏನು ಮಾಡ್ತೀರಿ?"

"ಪಕ್ಕದಲ್ಲಿ ಕೂರ್ತೀನಿ. ನನಗೆ ಅದು ಅಭ್ಯಾಸ ಇದೆ."

ಅಂಗಳದಲ್ಲಿ ಸುಖರಾಜಿಯ ದನಿ, ಲಿತಿಯಾಳ ನಗು. ಸುಭಾಷ್ನಿ ಕೈ ಚಾಚಿದಳು. "ಎಬ್ಬಿಸಿ."

ಅವನು ಆ ಕೈ ಹಿಡಿದ. ಅವಳು ಅರ್ಧ ಎದ್ದು, ತುಟಿ ಕಚ್ಚಿ ಮತ್ತೆ ಕೂತಳು.

"ಕಾಲು ಜೋಮು ಹಿಡಿದಿದೆ."

"ಅದಕ್ಕೇನಾ ಇಷ್ಟು ಹೊತ್ತು ಕೂತಿದ್ದು?"

"ಮತ್ತೆ ಯಾತಕ್ಕೆ ಅಂದ್ಕೊಂಡ್ರಿ?"

ಎಪರಾಮ ನಕ್ಕ. ಸುಭಾಷ್ನಿಯ ಬಾಯಿಂದಲೂ ಏನೋ ಸದ್ದು ಹೊರಟಿತು. ಅದು ನಗು ಎಂದು ತಿಳಿಯುವಷ್ಟರಲ್ಲಿ ಕಣ್ಣು ತುಂಬಿ ಬಂತು. ಒಂದು ವರ್ಷ ಎಲ್ಲಿತ್ತೋ ಅಷ್ಟೂ ನೀರು ಕೆನ್ನೆಯ ಮೇಲೆ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಅವನು ಕೈ ಬಿಡಲಿಲ್ಲ.

"ನಿಧಾನ" ಎಂದ. "ಜೋಮು ಬಿಡುವಾಗ ಚುಚ್ಚುತ್ತೆ."

"ಚುಚ್ಚಲಿ" ಎಂದಳು ಸುಭಾಷ್ನಿ.